ಗುಂಡುಸೂಜಿ ಸಿಸ್ಟರ್

"ನೀಲಿ ಬಿಡಿ, ಸಿಸ್ಟರ್," ಎಂದರು ಡಾಕ್ಟರು.

ಸಿಸ್ಟರ್ ಸಿರಿಂಜನ್ನು ಮೆಲ್ಲಗೆ ಒತ್ತಿದಳು. ಪರದೆಯ ಮೇಲೆ, ಅವಳ ಅಕ್ಕನ ಜಠರದ ಒಳಗೋಡೆಯಲ್ಲಿ, ನಾಣ್ಯದಗಲದ ಕೆಂಪು ಮಚ್ಚೆ ನೀಲಿ ದ್ರವದ ಮೇಲೆ ಉಬ್ಬಿ ಎದ್ದಿತು. ಅದು ಕ್ಯಾನ್ಸರಿನ ಹಾದಿ ಹಿಡಿದ ಮಚ್ಚೆ. ಬಾಯಿಂದ ಇಳಿಸಿದ ಕೊಳವೆಯ ತುದಿಯಲ್ಲಿ ಕೂದಲೆಳೆಯಂಥ ಚಾಕು. ಅದರಿಂದ ಮಚ್ಚೆಯನ್ನು ಇಡಿಯಾಗಿ ಸುಲಿದು ತೆಗೆದರೆ ಅಕ್ಕ ಗೆದ್ದಳು. ಚೂರು ಉಳಿದರೂ ಹೊಟ್ಟೆ ಕೊಯ್ದು ಜಠರವನ್ನೇ ತೆಗೆಯಬೇಕಾಗುತ್ತಿತ್ತು.

ಸ್ವಂತದವರ ಕೇಸಿಗೆ ನಿಲ್ಲುವುದು ಬೇಡವೆಂದು ಡಾಕ್ಟರು ಹೇಳಿ ನೋಡಿದ್ದರು. ಜಪ್ಪಯ್ಯ ಎಂದರೂ ಅವಳು ಕದಲಲಿಲ್ಲ. ತೆಗೆದ ತುಂಡನ್ನು ಬೆಂಡಿನ ಹಲಗೆಯ ಮೇಲೆ ಹರಡಿ, ಸುತ್ತ ಗುಂಡುಸೂಜಿ ಚುಚ್ಚಿ ಲ್ಯಾಬಿಗೆ ಕಳಿಸಬೇಕು. ಬಿಗಿಯಾಗಿ ಎಳೆದರೆ ಅಂಚು ಹರಿಯುತ್ತದೆ. ಆಮೇಲೆ ರೋಗ ಅಂಚಿನೊಳಗೇ ನಿಂತಿತ್ತೋ ಇಲ್ಲವೋ ಯಾರೂ ಹೇಳಲಾರರು. ಇಪ್ಪತ್ತು ವರ್ಷದಿಂದ ಆ ಕೆಲಸ ಅವಳದೇ. ಆಸ್ಪತ್ರೆಗೆ ಆಸ್ಪತ್ರೆಯೇ ಅವಳನ್ನು ಗುಂಡುಸೂಜಿ ಸಿಸ್ಟರ್ ಎನ್ನುತ್ತಿತ್ತು.

ಎಷ್ಟೋ ಹೊಟ್ಟೆಗಳ ಒಳಗನ್ನು ಕಂಡ ಕಣ್ಣು ಅವಳದು. ಆದರೂ ಇವತ್ತು ಬೆರಗಾಗಿ ನಿಂತುಬಿಟ್ಟಳು. ಗುಲಾಬಿ ಬಣ್ಣ, ಒದ್ದೆ ಹೊಳಪು, ಒಂದೊಂದು ಉಸಿರಿಗೂ ಅಲುಗುವ ಮಡಿಕೆಗಳು. ಅಮ್ಮ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ತಂಗಿಯನ್ನು ಸಾಕಿದವಳು ಅಕ್ಕ. ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟೇ ಉಳಿದಾಗಲೆಲ್ಲ "ನಂಗೆ ಹೊಟ್ಟೆ ತುಂಬಿದೆ, ನೀನು ತಿನ್ನು" ಎನ್ನುತ್ತಿದ್ದಳು. ಆ ಹೊಟ್ಟೆ ಇದೇ. ಇಷ್ಟು ಪುಟ್ಟದು, ಇಷ್ಟು ಚೆಂದದ್ದು ಎಂದು ಅವಳು ಎಣಿಸಿಯೇ ಇರಲಿಲ್ಲ.

ಚಾಕು ಕೂದಲಗಲ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಮಲಗಿದ ಮಗುವಿನ ಉಗುರು ತೆಗೆಯುವ ತಾಯಿಯ ಹಾಗೆ ಡಾಕ್ಟರು ಉಸಿರು ಬಿಗಿಹಿಡಿದಿದ್ದರು. ಎರಡು ತಾಸು ಕಳೆದ ಮೇಲೆ ತುಂಡು ಹೊರಬಂದು ಸಿಸ್ಟರ್ ಮುಂದಿನ ಹಲಗೆಗೆ ಬಂತು. ಈರುಳ್ಳಿಯ ಒಳಪೊರೆಯಷ್ಟು ತೆಳು.

ಅಂಚು ಆಗಲೇ ಸುರುಟುತ್ತಿತ್ತು. ಗಾಬರಿಯಲ್ಲಿ ಮೊದಲ ಸೂಜಿಯನ್ನೇ ಅವಳು ಎಳೆದು ಚುಚ್ಚಿದಳು. ಹೊಸಬರು ಮಾಡುವ ತಪ್ಪು. ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಅಕ್ಕ ಗದರುತ್ತಿದ್ದದ್ದು ನೆನಪಾಯಿತು: "ಬಟ್ಟೆ ಎಳೀಬೇಡ ಕಣೇ. ಅದು ಬಂದಷ್ಟಕ್ಕೆ ಪಿನ್ನು ಹಾಕು."

ಸೂಜಿ ಕಿತ್ತಳು. ಅಂಚು ಹರಿದಿರಲಿಲ್ಲ. ತುಂಡು ತಾನಾಗಿ ಸಡಿಲಗೊಳ್ಳುವವರೆಗೆ ಕಾದು, ಅದು ಬಂದಷ್ಟಕ್ಕೇ ಇಪ್ಪತ್ತೆರಡು ಸೂಜಿ ಹಾಕಿದಳು.

ವಾರದ ನಂತರ ರಿಪೋರ್ಟು ಹಿಡಿದು ಡಾಕ್ಟರೇ ಬಂದರು. ಸುತ್ತಲ ಅಂಚು ಸ್ವಚ್ಛ, ತಳವೂ ಸ್ವಚ್ಛ. ಇನ್ನು ಕೊಯ್ಯುವುದೇನೂ ಇಲ್ಲವೆಂದರು. ಸಿಸ್ಟರ್ ಸ್ಟೀಲಿನ ಮೇಜಿಗೆ ತಲೆಯಿಟ್ಟು ಮನಸಾರೆ ಅತ್ತಳು.

ಮನೆಯಲ್ಲಿ ಅಕ್ಕ ಮೆತ್ತಗೆ ಬೇಯಿಸಿದ ಊಟದ ಮುಂದೆ ಕೂತಿದ್ದಳು. ಸುದ್ದಿ ಕೇಳಿ ಚಮಚ ಕೆಳಗಿಟ್ಟಳು. ಆಮೇಲೆ ಕೇಳಿದಳು: "ನನ್ನ ಹೊಟ್ಟೆಯೊಳಗೆ ಏನೇನು ಕಂಡೆ?"

"ನೀನು ಹೇಳಿದ ಸುಳ್ಳೆಲ್ಲ ಕಂಡೆ."

ಅಕ್ಕ ನಕ್ಕಳು. ಅರ್ಧ ಉಳಿದ ತಟ್ಟೆಯನ್ನು ಅಭ್ಯಾಸದಂತೆ ತಂಗಿಯತ್ತ ಸರಿಸಿದಳು. "ಸಾಕು, ಹೊಟ್ಟೆ ತುಂಬ್ತು. ನೀನು ತಿನ್ನು."

ತಂಗಿ ತಟ್ಟೆಯನ್ನು ಹಿಂದಕ್ಕೆ ಸರಿಸಿ, ಅದರ ಅಂಚಿನ ಮೇಲೆ ಬೆರಳಿಟ್ಟು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮತ್ತೆ ಚಮಚ ಎತ್ತಿಕೊಂಡಳು.