ಗಾಜಿನ ಮೇಲಿನ ಗೆರೆ
ಕಿಟಕಿಯ ಗಾಜಿನ ಮೇಲೆ ಬೆಳ್ಳಿಯಂಥ ಗೆರೆ, ಬಸವನಹುಳು ಹರಿದುಹೋಗಿ ಎಷ್ಟು ಹೊತ್ತಾಯಿತೋ, ಲೋಳೆ ಒಣಗಿ ಬಿಸಿಲಿಗೆ ಮಿನುಗುತ್ತಿದೆ, ಬಸವನಹುಳುಗಳ ಬಗ್ಗೆ ಪುಸ್ತಕ ಬರೆಯುವ ಅಮ್ಮನ ಮನೆಯಲ್ಲಿ ಅದನ್ನು ಒರೆಸುವವರಾದರೂ ಯಾರು — ಅಮ್ಮ ಮಕ್ಕಳಿಗಾಗಿ ಬರೆಯುತ್ತಾಳೆ, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ಅಪ್ಪ ತಿದ್ದುತ್ತಾನೆ, ಒಪ್ಪದ ವಾಕ್ಯದ ಮೇಲೆ ಉದ್ದಕ್ಕೂ ಒಂದು ಗೆರೆ, ಪಕ್ಕದಲ್ಲಿ ತನ್ನ ವಾಕ್ಯ, ಕಂಪ್ಯೂಟರಿಗೆಂದು ನಾನು ಬರೆದ ಪುಟ್ಟ ಪ್ರೋಗ್ರಾಂ, ನನ್ನ ಸ್ಕ್ರಿಪ್ಟ್, ಕಾಪಿ ಮಾಡಿದ್ದೆಲ್ಲವನ್ನೂ ಕ್ಲಿಪ್‌ಬೋರ್ಡಿನಿಂದ ಎತ್ತಿ ಪುಸ್ತಕದ ಪುಟಕ್ಕೆ ಇಳಿಸುತ್ತದೆ, ಇಳಿಸಿತು ಕೂಡ, ಆದರೆ ಬರಿಯ ಅಕ್ಷರವನ್ನಷ್ಟೇ ಕೇಳಿಕೊಂಡು — ಒಮ್ಮೆ ಕಾಪಿ ಮಾಡಿದ ಬರಹ ಅಲ್ಲಿ ಹಲವು ರೂಪಗಳಲ್ಲಿ ಕಾದಿರುತ್ತದೆ, ಬರಿಯ ಅಕ್ಷರವಾಗಿ, ಬಣ್ಣ ಗೆರೆಗಳ ಸಮೇತ ಎಚ್‌ಟಿಎಂಎಲ್ ಆಗಿ, ಕೇಳಿದ್ದಷ್ಟೇ ಸಿಗುತ್ತದೆ, ಗೆರೆ ಕೇಳದ ನನಗೆ ಗೆರೆ ಬರಲಿಲ್ಲ, ಅಪ್ಪ ಹೊಡೆದುಹಾಕಿದ್ದ ವಾಕ್ಯ ಕರಡಿನಲ್ಲಿ ಎದ್ದು ಕೂತಿತ್ತು, ಬೇಸಿಗೆ ಬಂತೆಂದರೆ ಬಸವನಹುಳು ಬಾಗಿಲು ಹಾಕಿಕೊಂಡು ಮಲಗುತ್ತದೆ, ಅಮ್ಮ ಓದಿ ಕನ್ನಡಕ ತೆಗೆದಳು, ನೋಡೇ, ನಿಮ್ಮಪ್ಪ ಉಳಿಸ್ಕೊಂಡಿದ್ದಾರೆ, ಅದು ಬಾಗಿಲಲ್ಲ ಕಣೇ, ಒಣಗಿದ ಲೋಳೆಯ ಪೊರೆ ಅಂತ ಎಷ್ಟು ಹಾರಾಡಿದ್ರು — ಅಂದಿನಿಂದ ಅಪ್ಪನಿಗೆ ಕೇಳದೆಯೇ ಎರಡನೇ ಲೋಟ ಕಾಫಿ ಸಿಗುತ್ತಿದೆ, ಯಾಕೆಂದು ಅವನಿಗೆ ತಿಳಿಯದು, ಕುಡಿಯುತ್ತಾನೆ, ಇತ್ತ ನಾನು ಸ್ಕ್ರಿಪ್ಟ್ ಸರಿಪಡಿಸಿದೆ, ಈಗ ಅದು ಮೊದಲು ಎಚ್‌ಟಿಎಂಎಲ್ ಕೇಳುತ್ತದೆ, ಗೆರೆ ಹೊಡೆದದ್ದನ್ನು ಬಿಟ್ಟು ಉಳಿದದ್ದನ್ನು ತರುತ್ತದೆ, ಅಚ್ಚುಕಟ್ಟು, ಒಂದು ಅಲ್ಪವಿರಾಮವೂ ಆಚೀಚೆಯಾಗುವುದಿಲ್ಲ, ಖುಷಿಯೇ, ಆದರೂ ಬೆರಳು ಗುಂಡಿಯ ಮೇಲೆ ಇಳಿಯುತ್ತಿಲ್ಲ, ಇವತ್ತು ಮುದ್ರಣಕ್ಕೆ ಹೋಗಬೇಕು, ನಾನು ಒತ್ತಿದರೆ ಅಮ್ಮನ ಬಾಗಿಲು ಮಾಯ, ಬೆನ್ನ ಹಿಂದೆ ಚಪ್ಪಲಿಯ ಸದ್ದು, ಅಪ್ಪ, ಏನೇ, ನಾನು ಹೊಡೆದಿದ್ದೆಲ್ಲ ಹೋಗ್ತಿದೆ ತಾನೇ, ಹೋಗ್ತಿದೆ ಅಪ್ಪ, ಅಮ್ಮನ ಬಾಗಿಲೂ ಹೋಗುತ್ತೆ, ಕರಡಿನಲ್ಲಿ ನನ್ನ ತಪ್ಪಿಂದ ಉಳಿದಿತ್ತು, ನೀನೇ ಉಳಿಸಿದೆ ಅಂದ್ಕೊಂಡಿದ್ದಾಳೆ, ಓಹೋ, ಕಾಫಿ ಅದಕ್ಕಾ, ಅನ್ನುತ್ತಾನೆ, ಗಲ್ಲ ಕೆರೆದುಕೊಳ್ಳುತ್ತಾನೆ, ತರಗತಿಯಲ್ಲಿ ಕಷ್ಟದ ಪ್ರಶ್ನೆ ಬಂದಾಗಲೂ ಹೀಗೇ ಕೆರೆದುಕೊಳ್ಳುತ್ತಿದ್ದನೇನೋ, ಆ ಪೊರೆ ಗಾಳಿ ಒಣಗಿದಾಗ ಮುಚ್ಚುತ್ತೆ, ಮಳೆ ಬಂದಾಗ ತೆರೆಯುತ್ತೆ, ಬಾಗಿಲು ಮಾಡೋದೂ ಅದನ್ನೇ ಅಲ್ವಾ, ಆ ಗೆರೆ ತೆಗಿ, ನನ್ನ ಪೊರೆಯ ವಾಕ್ಯ ಅದರ ಪಕ್ಕದಲ್ಲೇ ಇರಲಿ, ಮತ್ತೆ ನೋಡು, ಸ್ಕ್ರಿಪ್ಟ್ ಕಥೆ ಅವಳ ಕಿವಿಗೆ ಹಾಕೋಕೆ ಹೋಗ್ಬೇಡ — ಗೆರೆ ತೆಗೆದೆ, ಮತ್ತೆ ಕಾಪಿ ಮಾಡಿದೆ, ಎರಡು ರೂಪಗಳನ್ನೂ ಕೇಳಿ ನೋಡಿದೆ, ಎರಡರಲ್ಲೂ ಬಸವನಹುಳು ಬಾಗಿಲು ಹಾಕಿಕೊಂಡು ಮಲಗಿದೆ, ಅಡುಗೆಮನೆಯಲ್ಲಿ ಲೋಟಗಳ ಸದ್ದು, ಅಪ್ಪ ಏನೂ ಅರಿಯದವನಂತೆ ಅತ್ತ ನಡೆದ, ಪರದೆಯಲ್ಲಿ ಎಲ್ಲೂ ಗೆರೆಯಿಲ್ಲ, ಇರುವುದೊಂದೇ, ಗಾಜಿನ ಮೇಲೆ, ಉದ್ದಕ್ಕೆ, ಬೆಳ್ಳಿಯಂಥದ್ದು, ಅದರ ಕೊನೆಯಲ್ಲಿ, ಚೌಕಟ್ಟಿನ ಮೂಲೆಯಲ್ಲಿ, ಒಂದು ಚಿಪ್ಪು, ಮುಚ್ಚಿಕೊಂಡ ಪುಟ್ಟ ಬಾಗಿಲು