ಹಿಮ ಮೊದಲು ಕರಗುವ ಜಾಗ

ಪಿಕಪ್‌ನ ಹಿಂದಿನ ಟಾರ್ಪಾಲು ಎತ್ತಿದವನೇ ಶರ್ಫುದ್ದೀನ್ "ಯಾ ರಬ್ಬೇ!" ಎಂದು ತಲೆಗೆ ಕೈ ಹಚ್ಚಿದ. ನಿನ್ನೆ ಕಡಲ ಕರೆಯ ಸೀಬ್ ಪಟ್ಟಣದ ತನ್ನ ಮನೆಯ ಅಂಗಳದಿಂದ ಬೇರುಸಹಿತ ಎತ್ತಿ, ಕುಂಡದಲ್ಲಿಟ್ಟು ತಂದಿದ್ದ ಮದರಂಗಿ ಗಿಡ, ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿತ್ತು. ಬೆಟ್ಟದ ಚಳಿಯಲ್ಲಿ ರಾತ್ರಿಯಿಡೀ ಗಿಡವನ್ನು ಹೊರಗೆ ಬಿಡಬಾರದೆಂಬುದು ಕಡಲ ಕರೆಯವನಿಗೆ ಹೊಳೆಯಬೇಕಲ್ಲ! ಸಾಲದ್ದಕ್ಕೆ ನಸುಕಿಗೆ ಹಿಮವೂ ಬಿದ್ದಿತ್ತು.

ಒಳಗೆ ಮಾವ ಉಮರಬ್ಬನ ಮಯ್ಯಿತ್ತನ್ನು ತೊಳೆದು ಬಿಳಿಬಟ್ಟೆಯ ಕಫನ್ ಹೊದಿಸಿ ಆಗಿತ್ತು. ಅರಬರ ನಾಡಿನ ಈ ಬೆಟ್ಟದ ಹಳ್ಳಿಯಲ್ಲಿ ಮೂರು ದಶಕ ಕೆಫೆಟೇರಿಯ ನಡೆಸಿದ ಮನುಷ್ಯ, ನಿನ್ನೆ ಮಧ್ಯಾಹ್ನ ಸುಲೈಮಾನಿ ಚಹಾ ಸೋಸುತ್ತ ಸೋಸುತ್ತಲೇ ಹೋಗಿಬಿಟ್ಟಿದ್ದ. ಸುದ್ದಿ ತಿಳಿಸಿದ ಅತ್ತೆ ಬೀಫಾತುಮ್ಮ ಫೋನಿನಲ್ಲಿ ಕೇಳಿಕೊಂಡದ್ದು ಒಂದೇ. "ಕಬರಿನ ತಲೆಯ ಹತ್ತಿರ ನಮ್ಮೂರಿನ ಹಾಗೆ ಮದರಂಗಿ ಇಡಬೇಕು ಮಗಾ. ಅದು ಒಣಗಬಾರದು. ಹಸಿರು ಇರುವಷ್ಟು ದಿನ ಅದು ಅವರಿಗಾಗಿ ದುಆ ಮಾಡ್ತದೆ." ಮದುವೆಯಾದಾಗಿನಿಂದ ಆಕೆ ಅಳಿಯನ ಬಳಿ ಏನನ್ನೂ ಕೇಳಿದವಳಲ್ಲ.

ಸುವೈಕ್ ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದ ಬೀಫಾತುಮ್ಮನ ತಮ್ಮ ಹಸೈನಾರ್ ಬಂದು ಪಿಕಪ್‌ನೊಳಗೆ ಇಣುಕಿದ.

"ಎಂತ ಮಾರಾಯ, ಇದು ಖಲಾಸ್!"

"ಉಮ್ಮನಿಗೆ ಎಂತ ಹೇಳುದು?" ಅತ್ತೆಯನ್ನು ನೆನೆದು ಕೇಳಿದ ಶರ್ಫುದ್ದೀನ್.

"ಎಂತದೂ ಹೇಳ್ಬೇಡ. ಹಾಗೇ ನೆಟ್ಟುಬಿಡು. ಹೆಂಗಸರು ಕಬರಸ್ತಾನಕ್ಕೆ ಬರುದಿಲ್ಲ ಅಲ್ವಾ?" ಎಂದವನು ತಾನೇ ಮುಖ ಕೆಳಗೆ ಹಾಕಿದ. "ಬಾವ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ರು. ಗಿಡದ ವಿಷಯದಲ್ಲಿ ಅವರ ಹತ್ರ ಸುಳ್ಳು ನಡೀತಿರಲಿಲ್ಲ."

*

ಉಮರಬ್ಬನಿಗೆ ಗಿಡದ ಹುಚ್ಚು ಹತ್ತಿಸಿದ್ದು ಬಸಳೆ. ಒಣ ಸಿಗಡಿ ಹಾಕಿದ ಬಸಳೆ ಪದಾರ್ಥ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯದ ಮನುಷ್ಯ, ಬೆಟ್ಟಕ್ಕೆ ಬಂದ ಹೊಸತರಲ್ಲಿ ಕೆಫೆಟೇರಿಯದ ಹಿಂದಿನ ತಗ್ಗಿನಲ್ಲಿ ಬಳ್ಳಿ ಊರಿದ. ಒಳ್ಳೆಯ ಮಣ್ಣು, ಬೇಕಾದಷ್ಟು ನೀರು. ಆದರೂ ಶರತ್ಕಾಲದ ಮೊದಲ ಚಳಿಗೇ ಬಳ್ಳಿ ಕೊಳೆತುಹೋಗುತ್ತಿತ್ತು. ಊರವರು ನಕ್ಕರು, ಹೆಂಡತಿ ಬೈದಳು. ಆಸಾಮಿ ಬಿಡಬೇಕಲ್ಲ!

ಶರ್ಫುದ್ದೀನ್ ಹೊಸ ಅಳಿಯನಾಗಿ ಬಂದ ವರ್ಷ ಬೆಟ್ಟದ ಮೇಲೆ ಹಿಮ ಬಿತ್ತು. ಮಾವ ಅವನನ್ನು ಕಂಬಳಿಯಿಂದ ಎಬ್ಬಿಸಿ ಹೊರಗೆ ಎಳೆದುಕೊಂಡು ಹೋದ. ಮೊದಲ ಸಲ ಹಿಮ ಕಂಡ ಅಳಿಯ ಫೋಟೋ ತೆಗೆಯಲು ಹೊರಟರೆ, ಮಾವ ಬಂಡೆಯಿಂದ ಬಂಡೆಗೆ ಆಡಿನ ಹಾಗೆ ಹಾರುತ್ತಿದ್ದ.

"ಹಿಮ ಬಿದ್ದದ್ದು ನೋಡುದಲ್ಲ, ಕರಗುದನ್ನು ನೋಡು. ಅಲ್ಲಿ ಬೆಟ್ಟದ ಏಣು ಉಂಟಲ್ಲ? ಗಾಳಿ ಎಲ್ಲವನ್ನೂ ಗುಡಿಸಿ ಹಾಕ್ತದೆ, ನೀರು ನಿಲ್ಲುದಿಲ್ಲ. ಬಿರುಕಲ್ಲಿ ಬೇರು ಬಿಡುವ ಮುಳ್ಳುಪೊದೆ ಮಾತ್ರ ಅಲ್ಲಿ ಬದುಕುದು. ಈ ತಗ್ಗು ನೋಡು, ನಾಳೆಯೂ ಬಿಳಿ ಇರ್ತದೆ. ಚಳಿಯೆಲ್ಲ ಇಳಿದು ಬಂದು ಇಲ್ಲೇ ಮಲಗುದು. ನಾನು ಪೆದ್ದ, ಇಲ್ಲಿ ಬಸಳೆ ಊರಿದ್ದೆ!"

"ಹಾಗಾದರೆ ಎಲ್ಲಿ ನೆಡಬೇಕು ಮಾವ?"

"ಬಾ."

ಬಿಸಿಲಿಗೆ ಎದೆಕೊಟ್ಟು ನಿಂತ ಬಂಡೆಯೊಂದರ ಬುಡದಲ್ಲಿ ಹಿಮ ಆಗಲೇ ಕರಗಿ ನೆಲ ಕಪ್ಪಾಗಿತ್ತು. ಮೇಲಿನಿಂದ ಕರಗಿದ ನೀರು ಮೆಲ್ಲಗೆ ಅಲ್ಲಿಗೇ ಜಿನುಗುತ್ತಿತ್ತು. "ಹಿಮ ಮೊದಲು ಕರಗುವ ಜಾಗ. ಇಲ್ಲಿ ಬೇಸಿಗೆಗೆ ಬಸಳೆ ಬರ್ತದೆ. ಚಳಿಗಾಲಕ್ಕೆ ಮಾತ್ರ ಅದಕ್ಕೆ ರಜೆ." ಪಕ್ಕದಲ್ಲಿ ತಾನಾಗಿ ಮೊಳೆತಿದ್ದ ಕಾಡು ಆಲಿವ್ ಸಸಿಗಳನ್ನು ತೋರಿಸಿ ಹುಬ್ಬು ಹಾರಿಸಿದ. "ಇವಕ್ಕೆ ಮೊದಲೇ ಗೊತ್ತಿತ್ತು. ನಾನು ಕೇಳಲಿಲ್ಲ ಅಷ್ಟೆ. ಬೆಟ್ಟ ಒಂದೇ ಶರ್ಫೂ, ಆದರೆ ಮಾರು ದೂರಕ್ಕೊಂದು ಊರು."

ಹೀಗೆ ಸೋತು ಸೋತು ಕಲಿತು, ಕಲಿತದ್ದಕ್ಕೆ ಹೀಗೆ ಮಗುವಿನಂತೆ ಕುಣಿಯುವ ಇನ್ನೊಬ್ಬ ಮನುಷ್ಯನನ್ನು ಶರ್ಫುದ್ದೀನ್ ಮತ್ತೆ ಎಲ್ಲೂ ಕಾಣಲಿಲ್ಲ.

*

ಶರ್ಫುದ್ದೀನ್ ಕುಂಡವನ್ನು ಅಲ್ಲೇ ಬಿಟ್ಟು ಕೆಫೆಟೇರಿಯದ ಹಿಂದಕ್ಕೆ ಓಡಿದ. ಬಂಡೆಯ ಬುಡದಲ್ಲಿ ನೆಲ ಕಪ್ಪಾಗಿತ್ತು. ಆಡುಗಳು ಮೇಯದಂತೆ ಮಾವ ಮುಳ್ಳು ಕಟ್ಟಿ ಕಾಪಾಡಿದ್ದ ಮೊಣಕಾಲೆತ್ತರದ ಆಲಿವ್ ಸಸಿ, ಹಿಮದ ನೀರು ಕುಡಿದು ನೆಟ್ಟಗೆ ನಿಂತಿತ್ತು. ಅವನು ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಬೇರಿನ ಮಣ್ಣು ಉದುರದ ಹಾಗೆ ಅದನ್ನು ಎತ್ತಿಕೊಂಡ.

ಕಬರಸ್ತಾನ ಕೆಳಗಿನ ಇಳಿಜಾರಿನಲ್ಲಿತ್ತು. ಹಳ್ಳಿಯ ಹಿರಿಯ ಸಾಲಿಮ್ ಗುಂಡಿ ತೋಡಿಸಿದ ಜಾಗ ಕಂಡು ಶರ್ಫುದ್ದೀನ್ ಅಲ್ಲೇ ನಿಂತ. ಉಳಿದ ಕಬರುಗಳ ಮೇಲೆಲ್ಲ ಹಿಮ, ಆ ಗುಂಡಿಯ ಸುತ್ತ ಮಾತ್ರ ಬರೀ ನೆಲ.

"ಇವತ್ತು ನಾವೂ ಅವನ ಹಾಗೆ ಹಿಮ ಕರಗುವುದನ್ನು ನೋಡಿದೆವು," ಎಂದ ಸಾಲಿಮ್ ಅರಬಿಯಲ್ಲಿ. "ಇಡೀ ಬೆಟ್ಟ ಚಳಿಯಲ್ಲಿ ನಡುಗುವಾಗ ಬಿಸಿ ಚಹಾ ಕೊಟ್ಟವನು. ಅವನನ್ನು ತಣ್ಣನೆಯ ತಗ್ಗಿನಲ್ಲಿ ಮಲಗಿಸುವುದೇ?"

ಮಣ್ಣು ಕೊಟ್ಟಾಯಿತು. ತಲೆಯ ಕಡೆ ಸಸಿ ನೆಡುವಾಗ ಹಸೈನಾರ್ ತನ್ನ ಕೈಯಿಂದಲೇ ಬುಡ ಒತ್ತಿ, "ಬದುಕು ಮಾರಾಯ, ನನ್ನ ಅಕ್ಕನ ಎದುರು ಮಾನ ಉಳಿಸು," ಎಂದು ಗೊಳೋ ಎಂದು ಅತ್ತ.

ಸಂಜೆ ಮತ್ತೆ ಹಿಮ ಬೀಳತೊಡಗಿತು. ಬೀಫಾತುಮ್ಮ ತಾರಸಿಯ ಮೇಲೆ ನಿಂತಿದ್ದಳು. ಶರ್ಫುದ್ದೀನ್ ಪಕ್ಕಕ್ಕೆ ಹೋಗಿ ತಲೆ ತಗ್ಗಿಸಿದ.

"ಉಮ್ಮಾ, ಮದರಂಗಿ ನೆಡಲಿಲ್ಲ. ರಾತ್ರಿ ಹೊರಗೆ ಬಿಟ್ಟೆ, ಸತ್ತುಹೋಯಿತು. ನನ್ನದೇ ತಪ್ಪು. ಬಂಡೆ ಬುಡದ ಆಲಿವ್ ನೆಟ್ಟೆ."

ಆಕೆ ಕಬರಸ್ತಾನದ ಕಡೆ ತಿರುಗಿದಳು. "ಅವರು ಮುಳ್ಳು ಕಟ್ಟಿದ್ದಾ?"

"ಹೌದು."

"ಅದಕ್ಕೆ ನನಗಿಂತ ಮೊದಲು ಸಲಾಂ ಹೇಳ್ತಿದ್ರು, ದಿನಾ ಬೆಳಿಗ್ಗೆ. ನನಗೆ ಹೊಟ್ಟೆಯುರಿ ಇತ್ತು." ಬೀಫಾತುಮ್ಮ ಅಳುತ್ತಲೇ ನಕ್ಕಳು. "ಯಾವುದು ಮಗಾ, ಅವರದ್ದು?"

ಅವನು ಕೈ ಎತ್ತಿದ. ಅಷ್ಟರಲ್ಲಿ ಆಕೆಯೇ ಕಂಡುಕೊಂಡಿದ್ದಳು. ಕೆಳಗೆ ಎಲ್ಲ ಕಬರುಗಳೂ ಒಂದೊಂದಾಗಿ ಬೆಳ್ಳಗಾಗುತ್ತಿದ್ದವು. ಹೊಸತಾಗಿ ಅಗೆದ ಒಂದೇ ಒಂದು ಕಪ್ಪು ಮಣ್ಣಿನ ಮೇಲೆ ಮಾತ್ರ ಬಿದ್ದ ಹಿಮ ಬಿದ್ದಲ್ಲೇ ಕರಗುತ್ತಿತ್ತು, ಆ ನೀರೆಲ್ಲ ಸಸಿಯ ಬುಡಕ್ಕೆ ಇಳಿಯುತ್ತಿತ್ತು.