ಹನ್ನೊಂದನೇ ಮಹಡಿಯ ಜಮಖಾನ

ಬಾಗಿಲು ಬಡಿದ ಸದ್ದು.

ಒಂದು ಬಾಗಿಲಲ್ಲ, ಸಾಲಾಗಿ ಹಲವು ಬಾಗಿಲುಗಳು. ಎರಡೂ ಅಂಗೈ ಸೇರಿಸಿ ಬಡಿದಂಥ ಅವಸರದ ಬಡಿತ. ಅದು ನಿದ್ದೆಯ ಒಳಗಿನದೋ ಹೊರಗಿನದೋ ಎಂದು ದ್ಯಾವಮ್ಮನಿಗೆ ತಿಳಿಯುವ ಮೊದಲೇ ನಿಂತುಹೋಯಿತು. ತುಸು ಹೊತ್ತಿಗೆ ಮತ್ತೆ ಬಡಿತ. ಈ ಸಲ ಒಂದೇ ಬಾಗಿಲು, ತೀರ ಹತ್ತಿರ. ಪೂರ್ತಿ ಎಚ್ಚರವಾದಾಗ ಅವಳು ಆಗಲೇ ಎದ್ದು ಬಾಗಿಲ ಬಳಿ ನಿಂತಿದ್ದಳು. ಕೈ ಚಿಲಕದ ಮೇಲಿತ್ತು. ಚಿಲಕ ಮೊದಲೇ ತೆಗೆದಿತ್ತು.

ಹೊರಗೆ ನಿಂತಿದ್ದವರು ಮನೆಯ ಒಡತಿ ರುಕ್ಮಿಣಮ್ಮ. ಅವರ ಬೆನ್ನ ಹಿಂದೆ ಆ ಮಹಡಿಯ ಮನೆಗಳೆಲ್ಲ ಬಾಗಿಲು ತೆರೆದುಕೊಂಡಿದ್ದವು. ನಿದ್ದೆಗಣ್ಣಿನ ಜನ ಹೊಸ್ತಿಲಲ್ಲೇ ನಿಂತಿದ್ದರು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲಿತ್ತು.

ಮಿರುಗುವ ಹಾಸುಗಲ್ಲಿನ ಮೇಲೆ ಒಂದು ಜಮಖಾನ ಹಾಸಿತ್ತು. ಒಂದು ಸುಕ್ಕೂ ಇಲ್ಲದಂತೆ ಬಿಗಿಯಾಗಿ ಎಳೆದು ಹಾಸಿದ್ದು. ನಾಲ್ಕು ಮೂಲೆಗೆ ನಾಲ್ಕು ಚಪ್ಪಲಿ ಭಾರಕ್ಕೆ ಇಟ್ಟಿತ್ತು.

"ಇದೆಂತದು ಮಾರಾಯ್ರೇ?" ರುಕ್ಮಿಣಮ್ಮ ಮೆಲ್ಲಗೆ ಕೇಳಿದರು. "ಎಲ್ಲರ ಬಾಗಿಲು ಬಡಿದು, ನಾವು ಎದ್ದು ಬರುವಷ್ಟರಲ್ಲಿ ಇದನ್ನು ಇಲ್ಲಿ ಹಾಸಿ ಹೋದವರು ಯಾರು?"

ಜಮಖಾನ ಘಟ್ಟದ ಮೇಲಿನ ಬಣಕಲ್‌ನಿಂದ ದ್ಯಾವಮ್ಮನ ಮನೆಯವರೇ ಕೂರಲೆಂದು ತಂದದ್ದು. ಹಿಂದಿನಿಂದ ಬಂದ ಮಗ ದೇವರಾಜ ಅದನ್ನು ಒಮ್ಮೆ ನೋಡಿದ. ಆ ಮಹಡಿಯಲ್ಲಿ ಯಾರಿಗೂ ಬಿಡಿಸಲಾಗದ ಒಗಟು ಅವನಿಗೆ ಅರೆಗಳಿಗೆಯೂ ಹಿಡಿಯಲಿಲ್ಲ. ಅವನು ತಲೆಯೆತ್ತಿ ತಾಯಿಯ ಮುಖ ನೋಡಿದ. ದ್ಯಾವಮ್ಮನಿಗೂ ಅರ್ಥವಾಗಿತ್ತು. ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

ಒಳಗಿನ ಕೋಣೆಯಿಂದ ದೀಪಶ್ರೀ ಕೂದಲು ಕಟ್ಟಿಕೊಳ್ಳುತ್ತಾ ಕಟ್ಟಕಡೆಗೆ ಬಂದಳು. ಏನಾಯಿತು ಎಂದು ಕೇಳಿದಳು.

ದೀಪಶ್ರೀ ದೇವರಾಜನ ಒಬ್ಬಳೇ ಮಗಳು. ಮಂಗಳೂರಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಓದು ಮುಗಿಸಿ ಘಟ್ಟ ಇಳಿದವಳು ಅಂದಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದ್ದಳು. ಎಲ್ಲವೂ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ, ಕಿಟಕಿ ತೆರೆದರೆ ಪಕ್ಕದ ಗೋಡೆ. ಕಡಲ ಊರಿನಲ್ಲಿದ್ದೂ ಒಂದು ರಾತ್ರಿಯೂ ಕಡಲ ಸದ್ದು ಅವಳ ಹಾಸಿಗೆಯವರೆಗೆ ಬಂದಿರಲಿಲ್ಲ. ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆದಳೆಂದು ಒಬ್ಬ ಮಾಲೀಕ ಮನೆಯನ್ನೇ ಬಿಡಿಸಿದ್ದ. ಯಾರನ್ನೂ ಕೇಳದೆ ಮೊಳೆ ಹೊಡೆಯಬಹುದಾದ ಒಂದು ಗೋಡೆ: ಅವಳ ಆಸೆಯೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ಆ ಗೋಡೆ ಸಿಕ್ಕಿತ್ತು. ನಿವೃತ್ತ ಅಧ್ಯಾಪಕಿ ರುಕ್ಮಿಣಮ್ಮನವರಿಗೆ ಕಡಲಿಗೆ ಮುಖ ಮಾಡಿದ, ಒಂದಕ್ಕೊಂದು ಅಂಟಿದ ಎರಡು ಮನೆಗಳು. ಒಂದರಲ್ಲಿ ತಾವಿದ್ದು ಇನ್ನೊಂದನ್ನು ಮಾರುವವರಿದ್ದರು. ಒಂಟಿ ಜೀವ. ಹೆಚ್ಚು ಕೊಡುವವರು ಬೇಡ, ನೆಮ್ಮದಿಯ ನೆರೆಯವರು ಬೇಕು ಎಂದಿದ್ದರು. ಕರಾರು ಪತ್ರವೊಂದೇ ಬಾಕಿಯಿತ್ತು.

ಅಷ್ಟರಲ್ಲಿ ಅಡ್ಡ ಬಂದದ್ದು ದ್ಯಾವಮ್ಮನ ಹಟ. ಹೊಸ ಮನೆ ಕೊಳ್ಳುವ ಮೊದಲು ಮನೆಯ ಹಿರಿಯರು ಅಲ್ಲಿ ಒಂದು ರಾತ್ರಿ ಬರಿನೆಲದ ಮೇಲೆ ಮಲಗಬೇಕು, ಒಲೆ ಹಚ್ಚಬಾರದು, ಮನೆ ಏನನ್ನುತ್ತದೆ ಎಂದು ಕೇಳಿಸಿಕೊಳ್ಳಬೇಕು. ಅವರ ಮನೆತನದಲ್ಲಿ ನಡೆದುಬಂದ ಪದ್ಧತಿ. ದೀಪಶ್ರೀಗೆ ನಾಚಿಕೆಯಾಯಿತು. ರುಕ್ಮಿಣಮ್ಮ ಮಾತ್ರ ನಕ್ಕು, ಶನಿವಾರವೇ ಬಂದುಬಿಡಿ ಎಂದು ಬೀಗದ ಕೈ ಕೊಟ್ಟಿದ್ದರು.

ಆ ಶನಿವಾರ ಸಂಜೆ ದ್ಯಾವಮ್ಮ ಬಾಲ್ಕನಿಗೆ ಬಂದು ಕಂಬಿ ಹಿಡಿದು ನಿಂತಿದ್ದಳು. ಹುಟ್ಟಿದಾಗಿನಿಂದ ಅವಳ ನೋಟಕ್ಕೆ ಎಲ್ಲೋ ಒಂದು ಕಡೆ ಬೆಟ್ಟ ಅಡ್ಡವಿರುತ್ತಿತ್ತು. ಆ ಬೆಟ್ಟ ದಾಟಿದರೆ ಇನ್ನೊಂದು. ಇಲ್ಲಿ ನೋಟ ಹೋಗುತ್ತಲೇ ಇತ್ತು, ಕೊಟ್ಟಿಗೆಯ ದಾರಿ ಮರೆತ ದನದ ಹಾಗೆ. ಅವಳು ಕೈಮುಗಿದಳು. ಯಾರಿಗಜ್ಜಿ ಎಂದು ಮೊಮ್ಮಗಳು ತಮಾಷೆ ಮಾಡಿದಳು. ಕತ್ತಲಾದ ಮೇಲೆ ಕಡಲು ಕಾಣದಾಯಿತು. ಸದ್ದು ಮಾತ್ರ ಉಳಿಯಿತು. ದೂರದಿಂದ ಎದ್ದು, ಹತ್ತಿರ ಹತ್ತಿರ ಬಂದು, ಮೈಮೇಲೆ ಬಿತ್ತು ಎನ್ನುವಾಗ ಹಿಂದೆ ಸರಿಯುವ ಸದ್ದು. ಕಾಡಿನ ತಲೆಯ ಮೇಲೆ ನಡೆದುಬರುವ ಮಳೆಯದೂ ಅದೇ ಸದ್ದು. ಇಷ್ಟು ದೊಡ್ಡ ಮಳೆಯೊಂದು ಎಂದಿನಿಂದಲೋ ಇಲ್ಲಿ ಬರುತ್ತಲೇ ಇದೆ, ಬಂದು ಮುಟ್ಟುವುದೇ ಇಲ್ಲ ಎಂಬ ಬೆರಗಿನಲ್ಲೇ ಅವಳಿಗೆ ನಿದ್ದೆ ಹತ್ತಿತ್ತು.

ಈಗ ಆ ಬೆರಗೇ ಮುಳುವಾಗಿತ್ತು.

ಬೆಳಗ್ಗೆ ರುಕ್ಮಿಣಮ್ಮ ಗಟ್ಟಿಯಾಗಿ ಏನೂ ಹೇಳಲಿಲ್ಲ. ಮಹಡಿಯಲ್ಲಿ ಕ್ಯಾಮೆರಾ ಇದೆ, ಅದನ್ನು ತೆರೆಯುವವರು ಸೋಮವಾರ ಬರುತ್ತಾರೆ ಎಂದರು. "ನಮ್ಮಿಬ್ಬರ ಮಧ್ಯೆ ಇರುವುದು ಒಂದೇ ಗೋಡೆ. ಅದರಾಚೆ ಯಾರಿದ್ದಾರೆಂದು ನನಗೆ ಗೊತ್ತಾಗಬೇಕು. ಕರಾರಿನ ಮಾತು ಆಮೇಲೆ."

ಅಂದೇ ಮೂವರೂ ಬಸ್ಸಿನಲ್ಲಿ ಚಾರ್ಮಾಡಿ ಘಟ್ಟ ಹತ್ತಿದರು; ದೀಪಶ್ರೀ ಸೋಮವಾರಕ್ಕೆ ರಜೆ ಹಾಕಿದ್ದಳು. ಕೊಟ್ಟಿಗೆಹಾರದಲ್ಲಿ ಇಳಿದು ಕಾಫಿ ಕುಡಿಯುವಾಗ ದೇವರಾಜ ಹಗುರ ಮಾಡಲು ನೋಡಿದ.

"ಅವ್ವ, ಚಪ್ಪಲಿ ಯಾಕಿಟ್ಟೆ? ಒಂದು ಕಲ್ಲು ಸಿಗ್ಲಿಲ್ವ ಆ ಊರಲ್ಲಿ?"

ದೀಪಶ್ರೀ ನಗಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು. "ಅಜ್ಜಿ, ಘಟ್ಟ ಇಳಿದ್ರೂ ನಿಮ್ ಕಿವಿಯಿಂದ ಕಣ ಇಳಿಯಲ್ಲ. ನಾನು ಇಷ್ಟು ವರ್ಷ ಅಲ್ಲೇ ಇದೀನಿ. ಒಂದಿನಾನಾದ್ರೂ ಮಳೆ ಅಂತ ಎದ್ದು ಓಡಿದೀನಾ?"

ದ್ಯಾವಮ್ಮ ಕಾಫಿ ಲೋಟ ಕೆಳಗಿಟ್ಟಳು. ಈಗ ಬಣಕಲ್ ಬಳಿ ಚೂರು ತೋಟ ಮಾಡಿಕೊಂಡಿದ್ದರೂ ಅವಳ ಪ್ರಾಯವೆಲ್ಲ ಕಳೆದದ್ದು ದೊಡ್ಡ ಎಸ್ಟೇಟಿನ ಲೈನ್ ಮನೆಯಲ್ಲಿ, ಕೂಲಿಯಾಳುಗಳ ಸಾಲುಮನೆಗಳಲ್ಲಿ. ಕೊಯ್ದ ಕಾಫಿ ಕಣದಲ್ಲಿ ಒಣಗುವ ಕಾಲಕ್ಕೆ ಅಕಾಲದ ಮಳೆಯೊಂದು ಬಿದ್ದರೆ ವರ್ಷದ ಬೆಳೆಯೇ ಬೂಸಲು ಹಿಡಿದು ಹಾಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೂ ಮೇಸ್ತ್ರಿಗೂ ಮೊದಲು ಮಳೆಯ ಸದ್ದು ಹಿಡಿಯುವುದು ದ್ಯಾವಮ್ಮನ ಕಿವಿ. ಅವಳು ಬರಿಗಾಲಲ್ಲಿ ಲೈನಿನುದ್ದಕ್ಕೂ ಓಡುತ್ತಾ ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದಳು. ಕೂಗುವಂತಿರಲಿಲ್ಲ, ಕೂಗಿದರೆ ಮಕ್ಕಳು ಬೆಚ್ಚಿ ಅಳುತ್ತವೆ, ತಾಯಂದಿರು ಹಿಂದುಳಿಯುತ್ತಾರೆ. ಬಡಿತ ಕೇಳಿದವರು ಮಾತಿಲ್ಲದೆ ಕಣಕ್ಕೆ ಓಡಿ, ಟಾರ್ಪಾಲು ಬಿಗಿಯಾಗಿ ಎಳೆದು, ಮೂಲೆಗಳಿಗೆ ಕಲ್ಲಿಟ್ಟ ಮೇಲೆಯೇ ಉಸಿರು ಬಿಡುತ್ತಿದ್ದರು. ಲಂಗ ಎತ್ತಿಕೊಂಡು, ಬ್ಯಾಟರಿ ಹಿಡಿದು ಅವಳ ಸೆರಗಿನ ಹಿಂದೆ ಓಡಿಬರುತ್ತಿದ್ದ ಪುಟ್ಟ ದೀಪಶ್ರೀಯನ್ನು ಕಂಡರೆ ಇಡೀ ಲೈನಿಗೆ ಮೋಜು.

ಆ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಬಿಟ್ಟಿದ್ದೇನೆ ಎಂದುಕೊಂಡಿದ್ದಳು, ಅಷ್ಟೆ. ತನಗೆ ತಿಳಿಯದಂತೆ ತನ್ನ ಕಾಲು ನಡೆದಿದ್ದರೆ, ತನ್ನ ಕೈ ಬಡಿದಿದ್ದರೆ, ಇನ್ನು ಮುಂದೆ ಏನೇನು ಮಾಡೀತು ಈ ಮೈ? ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ: ಕೂಸಿನ ಗೋಡೆ ತನ್ನಿಂದ ಕೈತಪ್ಪುತ್ತದೆ.

ಸೋಮವಾರ ಮನೆಯ ಮುಂದಿನ ಕಣದಲ್ಲಿ ಒಣಹಾಕಿದ ಕಾಫಿ ಹಣ್ಣಿನಲ್ಲಿ ಕೈಯಾಡಿಸುತ್ತಿದ್ದವಳು ತಟ್ಟನೆ ಎದ್ದಳು. ರುಕ್ಮಿಣಮ್ಮನಿಗೆ ಫೋನ್ ಹಚ್ಚಿಕೊಡು ಎಂದು ಮಗನಿಗೆ ಹೇಳಿದಳು.

"ಅಮ್ಮಾ, ಕ್ಯಾಮೆರಾ ನೋಡೋದೆಲ್ಲ ಬೇಡ. ಬಾಗಿಲು ಬಡಿದೋಳು ನಾನೇ. ಮಲಗಿದ್ರೂ ನನ್ ಕಿವಿ ಮಲಗಲ್ಲ. ಕಡಲನ್ನ ಮಳೆ ಅಂದ್ಕೊಂಡು ಕಣ ಮುಚ್ಚಿದೀನಿ. ನಾನು ಇನ್ನು ಆ ಮನೆ ಹೊಸ್ತಿಲು ತುಳಿಯಲ್ಲ. ಕೂಸಿಗೆ ಮಾತ್ರ ಮನೆ ಇಲ್ಲ ಅನ್ಬೇಡಿ."

ರುಕ್ಮಿಣಮ್ಮ ಕಣ ಎಂದರೇನು, ಯಾಕೆ ಮುಚ್ಚಬೇಕು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಸಂಜೆ ಫೋನ್ ಮಾಡುತ್ತೇನೆ ಎಂದಷ್ಟೇ ಹೇಳಿ ಇಟ್ಟರು. ಹುಲ್ಲುಕಡ್ಡಿ ಆರಿಸುತ್ತಾ ಕೂತಿದ್ದ ದೀಪಶ್ರೀ ಎದ್ದು ಬಂದು ಅಜ್ಜಿಯ ಹೆಗಲಿಗೆ ತಲೆಯಿಟ್ಟಳು. ನಿನ್ನೆ ಆಡಿದ ಮಾತು ಆಡಬಾರದಿತ್ತು ಎಂದಳು. ಅವಳು ಬಡಿಸಿದ ಗಂಜಿಯನ್ನು ಮಧ್ಯಾಹ್ನ ಮೂವರೂ ಅರ್ಧಕ್ಕೇ ಬಿಟ್ಟೆದ್ದರು.

ಸಂಜೆ ಬಿಸಿಲು ಕಣದಿಂದ ಇಳಿಯುವ ಹೊತ್ತಿಗೆ ದೇವರಾಜನ ಫೋನಿಗೆ ಮೊದಲು ಒಂದು ವೀಡಿಯೋ ಬಂತು, ಹಿಂದೆಯೇ ಕರೆ. ಅವನು ಧ್ವನಿ ಜೋರು ಮಾಡಿ ಎಲ್ಲರಿಗೂ ಕೇಳುವಂತೆ ಹಿಡಿದ.

"ಈ ಕಡಲಿನ ಎದುರು ನಾನು ಮುದುಕಿಯಾದೆ," ರುಕ್ಮಿಣಮ್ಮನವರ ಸ್ವರ ಬೇರೆಯೇ ಆಗಿತ್ತು. "ಸದ್ದು ಹೆಚ್ಚಾದರೆ ಎದ್ದು ನನ್ನ ಕಿಟಕಿ ಹಾಕಿಕೊಂಡಿದ್ದೇನೆ, ಅಷ್ಟೇ. ಇನ್ನೊಬ್ಬರ ಬಾಗಿಲು ಬಡಿಯಬೇಕೆಂದು ಒಂದು ದಿನವೂ ಅನಿಸಲಿಲ್ಲ. ಆ ಹೊತ್ತಿನಲ್ಲಿ ಒಂದು ಜೀವ ಎಲ್ಲರಿಗಾಗಿ ಓಡಿದ್ದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಬಂದು ಕರಾರು ಮಾಡಿಕೊಳ್ಳಿ. ಆದರೆ ದ್ಯಾವಮ್ಮನವರೇ, ನೀವು ಹೇಳಿದ್ದು ನಿಜವಲ್ಲ. ನೀವೇ ನೋಡಿ."

ಮೂವರೂ ಪುಟ್ಟ ಪರದೆಯ ಮೇಲೆ ಬಗ್ಗಿದರು. ಉದ್ದನೆಯ ಹಾದಿಯಲ್ಲಿ ಬಾಗಿಲೊಂದು ತೆರೆಯಿತು. ಕೂದಲು ಬಿಚ್ಚಿದ ಹೆಣ್ಣೊಂದು ಬರಿಗಾಲಲ್ಲಿ ಹೊರಬಂತು. ತಲೆ ಓರೆ ಮಾಡಿ ಆಲಿಸಿತು. ಆಮೇಲೆ ಬಟ್ಟೆಯನ್ನು ಮೊಣಕಾಲಿಗೆತ್ತಿ ಓಡತೊಡಗಿತು. ಸದ್ದಿಲ್ಲದೆ, ಬಾಯಿ ತೆರೆಯದೆ, ಬಾಗಿಲಿಂದ ಬಾಗಿಲಿಗೆ, ಎರಡೂ ಅಂಗೈಯಿಂದ ಬಡಿಯುತ್ತಾ. ದ್ಯಾವಮ್ಮ ಗುರುತಿಸಿದಳು: ತನ್ನ ಓಟ ಅದು, ತನ್ನದೇ ಅವಸರ. ಆದರೆ ಆ ಕಾಲುಗಳಲ್ಲಿ ಅವಳಲ್ಲಿ ಎಂದೋ ಸತ್ತುಹೋಗಿದ್ದ ಕಸುವಿತ್ತು. ಬಾಗಿಲೊಳಗಿನಿಂದ ಜಮಖಾನ ಎಳೆದು ತಂದು ಹಾಸಿ, ನಾಲ್ಕನೆಯ ಚಪ್ಪಲಿಯಿಟ್ಟು, ನಿದ್ದೆ ಹರಿಯದ ಕಣ್ಣು ತೆರೆದುಕೊಂಡೇ ಆ ಮುಖ ಕ್ಯಾಮೆರಾದ ಕಡೆ ತಿರುಗಿತು.

ದೀಪಶ್ರೀ.